ಏಳೂವರೆಗೆ ಕಣ್ಣು ಮುಚ್ಚುವ ಕ್ಯಾಮೆರಾ

ಮೀಟರಪ್ಪನ ಕಾಲುಗಳ ವಿಷಯ ಮೊದಲು ಹೇಳಿಬಿಡಬೇಕು. ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದಿ ಬರೆದುಕೊಂಡು ಬರುವ ಕೆಲಸದಲ್ಲಿ ಮೂವತ್ತೊಂದು ವರ್ಷ ಸವೆದ ಕಾಲುಗಳು ಅವು. ಭೂಮಿಗೆ ಏಳು ಸುತ್ತು ಹಾಕಿವೆ ಎಂದು ಲೆಕ್ಕ ಬಲ್ಲವರು ಹೇಳುತ್ತಾರೆ. ಲೆಕ್ಕ ಬಾರದವರು ಒಂಬತ್ತು ಎನ್ನುತ್ತಾರೆ. ಸಂಜೆ ಅವನು ಪಾದಗಳನ್ನು ಬಿಸಿನೀರಿನ ಬಕೆಟ್ಟಿಗೆ ಇಳಿಸಿದರೆ ನೀರೇ ಸುಸ್ತಾಗಿ ತಣ್ಣಗಾಗಿಬಿಡುತ್ತಿತ್ತು. ಅವನ ನಿಜವಾದ ಹೆಸರು ಸರ್ವಿಸ್ ಪುಸ್ತಕದಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿರಲಿಲ್ಲ. ಮೀಟರಪ್ಪ ಎಂದರೆ ಮಾತ್ರ ನಾಯಿಗಳಿಗೂ ಗೊತ್ತು. ಅವನ ಬೀದಿಗಳಲ್ಲಿ ಇನ್ನೂರ ಹನ್ನೊಂದು ನಾಯಿಗಳು ಅವನನ್ನು ಕಂಡು ಬೊಗಳುತ್ತಿದ್ದವು, ಅದರಲ್ಲಿ ಮನಸ್ಸಿಟ್ಟು ಬೊಗಳುತ್ತಿದ್ದದ್ದು ಆರೇ ಆರು.

ಇಂಥ ಕಾಲಿನ ಮನುಷ್ಯನ ಮನೆಯಲ್ಲಿ, ನೋಡಿ, ಬಿದ್ದು ಸೊಂಟ ಮುರಿದುಕೊಂಡವಳು ಹೆಂಡತಿ. ಅವಳು ದರ್ಜಿ. ಮುಂದಿನ ಹಾಲ್‌ನ ಕಿಟಕಿಯ ಪಕ್ಕ ಕಾಲಲ್ಲಿ ತುಳಿಯುವ ಹೊಲಿಗೆ ಮೆಷೀನು ಇಟ್ಟುಕೊಂಡು ಇಡೀ ಬೀದಿಯ ಪ್ಯಾಂಟುಗಳ ಉದ್ದವನ್ನು ತನ್ನ ಹಿಡಿತದಲ್ಲಿ ಇಟ್ಟುಕೊಂಡವಳು. ಅವಳು ಬಚ್ಚಲಲ್ಲಿ ಜಾರಿದ ದಿನದಿಂದ ಆ ಬೀದಿಯ ಗಂಡಸರೆಲ್ಲ ಪ್ಯಾಂಟು ಮಡಚಿಕೊಂಡೇ ಓಡಾಡುತ್ತಿದ್ದರು. ಆಪರೇಷನ್ ಆಯಿತು, ಸೊಂಟದಲ್ಲೊಂದು ಸ್ಟೀಲಿನ ಕೀಲು ಬಂತು, ಕೈಗೆ ನಾಲ್ಕು ಕಾಲಿನ ವಾಕರ್ ಬಂತು. ಮೀಟರಪ್ಪ ಮೂರು ತಿಂಗಳು ರಜೆ ಹಾಕಿ ಅವಳ ನೆರಳಿಗೆ ನೆರಳಾಗಿ ನಿಂತ. ಅವಳು ಕೆಮ್ಮಿದರೆ ಇವನು ಬೆನ್ನು ಹಿಡಿಯುತ್ತಿದ್ದ, ಕೆಮ್ಮದಿದ್ದರೆ ಯಾಕೆ ಕೆಮ್ಮಲಿಲ್ಲ ಎಂದು ಗಾಬರಿಯಾಗುತ್ತಿದ್ದ.

ರಜೆ ಮುಗಿಯಿತು. ಆಗ ಬಂದದ್ದು ಕ್ಯಾಮೆರಾ.

ಕಳಿಸಿದವಳು ಮಗಳು. ಅವಳು ಎಂಟು ಗಂಟೆ ಪ್ರಯಾಣದಷ್ಟು ದೂರದ ಊರಿನಲ್ಲಿ ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಕೂತು ಫೋನ್ ಎತ್ತುವವಳು. ದಿನಕ್ಕೆ ಇನ್ನೂರು ಜನ ಅವಳ ಕಿವಿಯಲ್ಲಿ ಬೀಳುತ್ತಾರೆ. ಬಚ್ಚಲಲ್ಲಿ, ಮೆಟ್ಟಿಲಲ್ಲಿ, ಮಂಚದಿಂದ. ಹಾಗಾಗಿ ಅವಳ ಷರತ್ತು ಕಬ್ಬಿಣದ ಕಡಲೆ: ಅಪ್ಪ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಅಮ್ಮ ತನ್ನ ಮೊಬೈಲಿನಲ್ಲಿ ಕಾಣುತ್ತಿರಬೇಕು. ಒಂದು ವಾರ ನೋಡುವುದು. ಸರಿಹೋಗದಿದ್ದರೆ ಭಾನುವಾರ ಕಾರು ತಂದು ಅಮ್ಮನನ್ನು ತನ್ನ ಮನೆಗೆ ಕರೆದುಕೊಂಡು ಹೋಗುವುದು. ಅವಳ ಮನೆ ಐದನೇ ಮಹಡಿ, ಎರಡು ಕೋಣೆ. ಅಲ್ಲಿ ಅಮ್ಮನಿಗೆ ಮಂಚ ಇತ್ತು, ಕಿಟಕಿ ಇತ್ತು, ಮೆಷೀನಿಗೆ ಜಾಗ ಇರಲಿಲ್ಲ. ಮೀಟರಪ್ಪನಿಗೆ ನಿವೃತ್ತಿಗೆ ಇನ್ನೂ ಎರಡು ವರ್ಷ. ಹೆಂಡತಿಯಿಲ್ಲದ ಮನೆಗೆ ಎರಡು ವರ್ಷ ಸಂಜೆ ಬಂದು ಬೀಗ ತೆಗೆಯಬೇಕು ಎನ್ನುವುದನ್ನು ನೆನೆದರೇ ಅವನ ಮೊಣಕಾಲಿನ ನೋವು ತಲೆಗೆ ಏರುತ್ತಿತ್ತು.

ಮಗಳು ಗೊತ್ತುಮಾಡಿದ ಫಿಟ್ಟರ್ ಭಾನುವಾರ ಬಂದು ಬೀರುವಿನ ಮೇಲೆ ಕ್ಯಾಮೆರಾ ಕೂರಿಸಿದ. ಬಾಗಿಲಿನಿಂದ ಕಿಟಕಿಯವರೆಗೆ ಇಡೀ ಹಾಲ್ ಅದರ ಕಣ್ಣಿಗೆ. ಸಿಗ್ನಲ್ ಚೆನ್ನಾಗಿ ಸಿಗಲಿ ಎಂದು ಇಂಟರ್ನೆಟ್ಟಿನ ರೌಟರ್ ಡಬ್ಬಿಯನ್ನೂ ಒಳಕೋಣೆಯಿಂದ ಎತ್ತಿ ಬಾಗಿಲ ಪಕ್ಕದ ಪ್ಲಗ್ಗಿಗೆ ಚುಚ್ಚಿದ. ಭಾನುವಾರವಿಡೀ ಕ್ಯಾಮೆರಾ ಹದ್ದಿನ ಹಾಗೆ ನೋಡಿತು. ಎಂಟು ಗಂಟೆ ದೂರದಿಂದ ಮಗಳು ಅಮ್ಮನ ಚಪ್ಪಲಿಯ ಹರಿದ ಬಾರನ್ನೂ ಗುರುತಿಸಿ ಬೈದಳು.

ಸೋಮವಾರ ಬೆಳಿಗ್ಗೆ ಏಳೂವರೆಗೆ ಮೀಟರಪ್ಪ ಚೀಲ ಹೆಗಲಿಗೇರಿಸಿ ಮನೆ ಬಿಟ್ಟ. ಏಳು ಮೂವತ್ತೊಂದಕ್ಕೆ ಕ್ಯಾಮೆರಾ ಕಣ್ಣು ಮುಚ್ಚಿತು.

ಮೊಬೈಲಿನಲ್ಲಿ ಹಾಲ್ ಇರಬೇಕಾದ ಜಾಗದಲ್ಲಿ ಬೂದು ಬಣ್ಣದ ಚೌಕ, ಅದರ ನಡುವೆ ಆಫ್‌ಲೈನ್ ಎನ್ನುವ ಬರಹ, ಕೆಳಗೆ ಒಂದೇ ಸಮನೆ ಸುತ್ತುವ ಒಂದು ಉಂಗುರ. ಅವತ್ತು ಅವನು ಎಂಬತ್ತು ಮೀಟರ್ ಓದಿದ, ಆ ಉಂಗುರವನ್ನು ಎಂಟುನೂರು ಸಲ ನೋಡಿದ. ಸಂಜೆ ಮನೆಯೊಳಗೆ ಕಾಲಿಟ್ಟು ಚೀಲ ಇಳಿಸುವಷ್ಟರಲ್ಲಿ, ಕಳ್ಳ ಬೆಕ್ಕಿನ ಹಾಗೆ, ಕ್ಯಾಮೆರಾ ಕಣ್ಣು ಬಿಟ್ಟಿತು. ಮಂಗಳವಾರವೂ ಅದೇ. ಅವನು ಹೊರಗೆ, ಅದು ಕುರುಡು. ಅವನು ಒಳಗೆ, ಅದಕ್ಕೆ ದಿವ್ಯದೃಷ್ಟಿ.

ರಿಪೇರಿಗೆ ಅವನು ಏನೇನು ಮಾಡಲಿಲ್ಲ ಎಂದು ಹೇಳುವುದು ಸುಲಭ: ಛಾವಣಿ ಕೀಳಲಿಲ್ಲ, ಅಷ್ಟೇ. ಕ್ಯಾಮೆರಾದ ಪ್ಲಗ್ಗು ಕಿತ್ತು ಮೂವತ್ತು ಎಣಿಸಿ ಮತ್ತೆ ಹಾಕಿದ. ಪಾಸ್‌ವರ್ಡು ಬದಲಿಸಿ, ಬದಲಿಸಿದ್ದನ್ನು ಮರೆತು, ಮರೆತದ್ದನ್ನು ಹುಡುಕಲು ಒಂದು ಸಂಜೆ ಕಳೆದ. ಕ್ಯಾಮೆರಾದ ಹಿಂದಿನ ಸಾಸಿವೆ ಗಾತ್ರದ ತೂತಿಗೆ ಹೆಂಡತಿಯ ಹೊಲಿಗೆ ಸೂಜಿ ತೂರಿಸಿ ರೀಸೆಟ್ ಮಾಡಿದ. ಅದು ಹೊಸದಾಗಿ ಹುಟ್ಟಿದ ಹಾಗೆ ಕೀಂ ಎಂದಿತು. ಮೊಬೈಲಿನಲ್ಲಿ ಬಂದ ಕ್ಯೂಆರ್ ಕೋಡಿನ ಚುಕ್ಕಿ ಚುಕ್ಕಿ ಚಿತ್ರವನ್ನು ಅದರ ಮೂತಿಗೆ ಹಿಡಿದು ಹತ್ತಿರ, ದೂರ, ಅಡ್ಡ ಆಡಿಸಿದ. ಇಷ್ಟನ್ನೂ ಮಾಡಿದ್ದು ಸಂಜೆ, ಪಾದ ಎರಡೂ ಬಕೆಟ್ಟಿನಲ್ಲಿ ಇದ್ದಾಗ ಅಥವಾ ಬಕೆಟ್ಟಿಗಾಗಿ ಅಳುತ್ತಿದ್ದಾಗ. ಸಂಜೆ ಮಾಡಿದ್ದೆಲ್ಲ ಸರಿಹೋಗುತ್ತಿತ್ತು. ಬೆಳಿಗ್ಗೆ ಏಳು ಮೂವತ್ತೊಂದಕ್ಕೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಹಗಲಿನಲ್ಲಿ, ಯಾರದೋ ಮನೆಯ ಮೆಟ್ಟಿಲ ಕೆಳಗೆ ಮೀಟರ್ ಮುಂದೆ ನಿಂತು, ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದ. ಫೋನ್ ಎತ್ತಿದ ಹುಡುಗಿಯ ದನಿ ಪಾಪ, ಅವನ ಕಾಲಿಗಿಂತ ಹೆಚ್ಚು ದಣಿದಿತ್ತು. ರೌಟರ್ ಡಬ್ಬಿಯ ಮೇಲೆ ದೀಪ ಉರೀತಿದೆಯಾ ಸರ್ ಎಂದು ಕೇಳಿದಳು. ಅವನು ಮನೆಗೆ ಫೋನ್ ಹಚ್ಚಿ ಹೆಂಡತಿಯನ್ನು ಕೇಳಿದ. ಅವಳು ಕುರ್ಚಿಯಲ್ಲಿ ಕೂತಲ್ಲಿಂದಲೇ ಬಾಗಿಲ ಕಡೆ ನೋಡಿದವಳಂತೆ ಒಂದು ಗಳಿಗೆ ಬಿಟ್ಟು, "ಉರೀತಿದೆ ಕಣ್ರೀ. ಮಿಣಮಿಣ ಅಂತಿದೆ," ಎಂದಳು.

ಮಿಣಮಿಣ ಅಂತಿದ್ದರೆ ಕ್ಯಾಮೆರಾದ್ದೇ ದೋಷ ಎಂದು ತೀರ್ಮಾನವಾಯಿತು. ಬುಧವಾರ, ಗುರುವಾರ, ಶುಕ್ರವಾರ. ಮಗಳು ದಿನವೂ ಸಂಜೆ ಫೋನ್ ಮಾಡಿದಳು, ದಿನವೂ ಅವಳ ಮಾತು ಒಂದೊಂದು ವಾಕ್ಯ ಕಡಿಮೆಯಾಯಿತು. ಗುರುವಾರ, ಅಪ್ಪ, ನಿನ್ನ ಕೈಲಿ ಆಗಲ್ಲ ಬಿಡು ಎಂದಳು. ಶುಕ್ರವಾರ ಬರೀ, ಅಮ್ಮನ ಬಟ್ಟೆ ತೆಗೆದಿಡು ಎಂದಳು. ಮೀಟರಪ್ಪ ಸೂಟ್‌ಕೇಸ್ ಇಳಿಸಿ, ಧೂಳು ಒರೆಸಿ, ತೆರೆದು, ಹಾಗೇ ಬಿಟ್ಟ. ಹೆಂಡತಿ ಅದನ್ನು ನೋಡಿದಳು, ಏನೂ ಹೇಳಲಿಲ್ಲ. ಮೂವತ್ತು ವರ್ಷದಲ್ಲಿ ಅವಳು ಏನೂ ಹೇಳದೆ ಇದ್ದದ್ದು ಒಟ್ಟು ಹನ್ನೊಂದು ನಿಮಿಷ, ಅದರಲ್ಲಿ ಒಂಬತ್ತು ಅವತ್ತಿನದೇ.

ಶನಿವಾರ ಸಂಜೆ ಅವನು ಕೊನೆಯ ಸಲ ಸಹಾಯವಾಣಿಗೆ ಫೋನ್ ಮಾಡಿದ. ರಿಪೇರಿಗಲ್ಲ, ಬೈಯಲು. ಆದರೆ ಬೈಯುವುದಕ್ಕೂ ಉಸಿರು ಬೇಕಲ್ಲ. ಬಕೆಟ್ಟಿನಲ್ಲಿ ಪಾದ ಇಟ್ಟುಕೊಂಡು, ಆಯ್ತಮ್ಮ, ನಾಳೆ ನನ್ನ ಮಗಳು ಬರ್ತಾಳೆ, ಇದನ್ನ ಕಿತ್ತು ಹಾಕ್ತೀವಿ ಎಂದಷ್ಟೇ ಹೇಳಿದ. ಹುಡುಗಿ ಕೇಳಿದಳು: "ಸರ್, ಒಳಗೆ ಮೆಮೊರಿ ಕಾರ್ಡ್ ಇದೆಯಾ? ಇದ್ರೆ ನೆಟ್ ಇಲ್ದೆ ಇದ್ರೂ ಕಾರ್ಡಿಗೆ ತುಂಬ್ಕೊಂಡಿರುತ್ತೆ. ಏಳೂವರೆಗೆ ಏನಾಗುತ್ತೆ ಅಂತ ಒಂದ್ಸಲ ನೋಡಿ."

ಕಾರ್ಡು ಇತ್ತು. ಫಿಟ್ಟರ್ ಹಾಕಿ ಹೋಗಿದ್ದ, ಹೇಳಲು ಮರೆತಿದ್ದ.

ಮೊಬೈಲಿನಲ್ಲಿ ಸೋಮವಾರದ ಬೆಳಿಗ್ಗೆ ತೆರೆದುಕೊಂಡಿತು. ತನ್ನದೇ ಹಾಲ್, ತನ್ನದೇ ಹೆಂಡತಿ, ತನ್ನದೇ ಬೋಳುತಲೆ ಮೇಲಿನಿಂದ. ಬೋಳು ಇಷ್ಟು ದೊಡ್ಡದಾಗಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಚಿತ್ರದ ಮೀಟರಪ್ಪ ಚೀಲ ಹೆಗಲಿಗೇರಿಸಿದ, ಬರ್ತೀನಿ ಎಂದ, ಬಾಗಿಲ ಬಳಿ ಬಂದ. ಅವನ ಬಲಗೈ ತಾನೇ ತಾನಾಗಿ ಎದ್ದು, ಹಲಗೆಯ ಮೇಲಿನ ಹಿಟ್ಟು ಒರೆಸಿದ ಹಾಗೆ, ಬಾಗಿಲ ಪಕ್ಕದ ಮೂರೂ ಸ್ವಿಚ್ಚುಗಳನ್ನು ಒಂದೇ ಸವರಿಗೆ ಆರಿಸಿತು.

ಒಂದನೆಯದು ಜಗಲಿ ದೀಪ. ಎರಡನೆಯದು ಹಾಲ್‌ನ ದೀಪ. ಮೂರನೆಯದು ಇಸ್ತ್ರಿ ಪೆಟ್ಟಿಗೆಯದು. ಮದುವೆಯಾದ ವರ್ಷ ಹೆಂಡತಿ ಇಸ್ತ್ರಿ ಪೆಟ್ಟಿಗೆ ಆರಿಸಲು ಮರೆತು, ಯಾರದೋ ಕೋಟಿನ ಬೆನ್ನು ಸುಟ್ಟು, ಹೊಗೆ ಮೂರು ಬೀದಿಗೆ ಹರಡಿತ್ತು. ಅಂದಿನಿಂದ ಮನೆ ಬಿಡುವಾಗ ಮೂರನ್ನೂ ಸವರುವುದು, ಮನೆಗೆ ಬಂದಾಗ ಮೂರನ್ನೂ ಸವರಿ ಹಾಕುವುದು. ಮೀಟರ್ ಓದುವವನ ಮನೆಯಲ್ಲಿ ಕರೆಂಟ್ ದಂಡವಾಗಬಾರದು ಎನ್ನುವುದು ಅವನಿಗೆ ವೇದವಾಕ್ಯ. ಅವನ ತಲೆ ಮರೆತರೂ ಕೈ ಮರೆತಿರಲಿಲ್ಲ. ಈಗ ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗಿನಲ್ಲಿ ಕೂತಿದ್ದದ್ದು ರೌಟರ್.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಇವನು ಕೂಸನ್ನು ದಿನಾ ಬೆಳಿಗ್ಗೆ ತಾನೇ ಮಲಗಿಸಿ ಊರೆಲ್ಲ ಹುಡುಕಿದ್ದ. ನಗಬೇಕು ಎನ್ನಿಸಿತು. ನಗುವಷ್ಟು ಶಕ್ತಿ ಉಳಿದಿರಲಿಲ್ಲ. ಮಗಳಿಗೆ ಫೋನ್ ಮಾಡಿ, ಸಿಕ್ಕಿತು, ದೋಷ ನನ್ನ ಕೈಯದು ಎಂದುಬಿಟ್ಟರೆ ಎಲ್ಲ ಮುಗಿಯುತ್ತದೆ ಎಂದುಕೊಂಡ. ಆಗಲೇ ಇನ್ನೊಂದು ಹೊಳೆಯಿತು. ಮಿಣಮಿಣ ಅಂದಿದ್ದು ಏನು ಹಾಗಾದರೆ?

ತಲೆ ಎತ್ತಿದ. ಎದುರು ಕುರ್ಚಿಯಲ್ಲಿ ಹೆಂಡತಿ ಮಡಿಲಲ್ಲಿ ಕೈ ಇಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು.

"ನಿಂಗೆ ಗೊತ್ತಿತ್ತಾ?" ಎಂದ.

"ಸೋಮವಾರದಿಂದ."

ಯಾಕೆ ಎಂದು ಕೇಳುವ ಬದಲು ಅವನು ಬೆರಳಿನಿಂದ ಚಿತ್ರವನ್ನು ಮುಂದಕ್ಕೆ ತಳ್ಳಿದ. ಬಾಗಿಲು ಮುಚ್ಚಿದ ಮೇಲೆ ಸೋಮವಾರದ ಹೆಂಡತಿ ಬಹಳ ಹೊತ್ತು ಕೂತೇ ಇದ್ದಳು. ಆಮೇಲೆ ವಾಕರ್ ಹಿಡಿದು ಎದ್ದಳು. ವಾಕರನ್ನು ಪಕ್ಕಕ್ಕೆ ಸರಿಸಿದಳು. ಒಂದು ಹೆಜ್ಜೆ ಇಟ್ಟಳು, ವಾಪಸು ಬಂದಳು. ಮಂಗಳವಾರ ಐದು ಹೆಜ್ಜೆ. ಬುಧವಾರ, ಕುರ್ಚಿಗೂ ಮೆಷೀನಿಗೂ ನಡುವೆ, ಎಂಟನೆಯ ಹೆಜ್ಜೆಗೆ, ಬಿದ್ದಳು.

ಬಕೆಟ್ಟಿನ ನೀರು ನೆಲಕ್ಕೆಲ್ಲ ಚೆಲ್ಲಿತು. ಮೀಟರಪ್ಪ ಎದ್ದು ನಿಂತಿದ್ದ, ಬುಧವಾರದೊಳಗೆ ಕೈ ಹಾಕಿ ಎತ್ತುವವನ ಹಾಗೆ. ಅವನ ಎದೆ ಬಡಿತಕ್ಕೆ ಬೀರುವಿನ ಬಾಗಿಲು ಗಡಗಡ ಎಂದಿತು. ಬುಧವಾರ ಆ ಹೊತ್ತಿಗೆ ತಾನು ಎಲ್ಲಿದ್ದೆ? ಯಾವ ಮನೆಯ ಯಾವ ಅಂಕಿ ಬರೆದುಕೊಳ್ಳುತ್ತಿದ್ದೆ? ಮೊಬೈಲ್ ಮುಚ್ಚಲು ಹೋದ.

"ಮುಚ್ಚಬೇಡಿ," ಎಂದಳು ಹೆಂಡತಿ. "ಬಿದ್ದಿದ್ದು ನೋಡಿದ್ರಲ್ಲ, ಎದ್ದಿದ್ದೂ ನೋಡಿ."

ಅವನು ಚಿತ್ರವನ್ನು ಬೇಗ ಓಡಿಸಲು ಬೆರಳು ಇಟ್ಟ. ಅವಳು ಬೇಡ ಎಂದಳು, ಪೂರ್ತಿ ನೋಡಿ ಎಂದಳು. ಒದ್ದೆ ನೆಲದ ಮೇಲೆ ಅವನು ಮತ್ತೆ ಕೂತ. ಚಿತ್ರದಲ್ಲಿ ಅವಳು ಮಗ್ಗುಲಾಗಿ ಮಲಗಿದ್ದಳು. ಕಾಲುಬೆರಳು ಆಡಿಸಿ ನೋಡಿಕೊಂಡಳು. ಹೊರಳಿದಳು. ಮೊಣಕೈ ಊರಿದಳು. ಸ್ವಲ್ಪ ಅತ್ತಳು, ಮೂಗು ಒರೆಸಿಕೊಂಡಳು, ಯಾರಿಗೋ ಏನೋ ಬೈದಳು, ಪ್ರಾಯಶಃ ಅವನಿಗೇ. ಕೂತಲ್ಲೇ ಹಿಂದಕ್ಕೆ ಸರಿಯುತ್ತಾ ಸರಿಯುತ್ತಾ ಕುರ್ಚಿ ಮುಟ್ಟಿದಳು. ಕುರ್ಚಿಯ ಕಾಲಿಗೆ ಬೆನ್ನು ಕೊಟ್ಟು ಸುಧಾರಿಸಿಕೊಂಡಳು. ಆಮೇಲೆ ಒಳ್ಳೆಯ ಕಾಲು, ಆಮೇಲೆ ಕೈ, ಆಮೇಲೆ ಸ್ಟೀಲಿನ ಸೊಂಟ. ಇಪ್ಪತ್ತಮೂರು ನಿಮಿಷ. ಆ ಇಪ್ಪತ್ತಮೂರು ನಿಮಿಷದಲ್ಲಿ ಸಾಮ್ರಾಜ್ಯಗಳು ಎದ್ದು ಬೀಳಬಹುದಿತ್ತು. ಬಿದ್ದವಳು ಎದ್ದಳು. ಎದ್ದವಳು ಜಡೆ ಸರಿಮಾಡಿಕೊಂಡಳು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂದರೆ ಇದು.

ಗುರುವಾರ ಹತ್ತು ಹೆಜ್ಜೆ. ಶುಕ್ರವಾರ, ಸೂಟ್‌ಕೇಸ್ ಇಳಿಯುವ ಮೊದಲು, ಹನ್ನೆರಡು. ಇವತ್ತು ಬೆಳಿಗ್ಗೆ ಹದಿನಾಲ್ಕು, ಹದಿನಾಲ್ಕನೆಯದಕ್ಕೆ ಮೆಷೀನಿನ ಮುಂದೆ ಕೂತು, ಏನೋ ಅಂಗೈಯಗಲದ ಬಟ್ಟೆ ಹೊಲಿದಿದ್ದಳು.

"ಫೋನ್ ಮಾಡಬಾರದಿತ್ತಾ?" ಎಂದ. ಕೋಪ ಬರಬೇಕಿತ್ತು, ದನಿ ಅಷ್ಟಕ್ಕೆ ಏರಲಿಲ್ಲ.

"ಮಾಡಿದ್ರೆ ಓಡಿ ಬರ್ತಿದ್ರಿ. ಮೂರು ತಿಂಗಳು ಹಾಗೇ ಮಾಡಿದ್ರಿ. ನಾನು ಕಾಲು ಎತ್ತೋಕೆ ಮುಂಚೆನೇ ನೀವು ಹಿಡ್ಕೋತೀರಿ. ಯಾರಾದ್ರೂ ನೋಡ್ತಿದ್ರೆ ನಂಗೆ ಕಾಲೇ ಬರಲ್ಲ ರೀ. ಆ ಡಬ್ಬಿ ಆರಿದಾಗ ಬಂತು."

ಅವನು ಚಿಂದಿ ಬಟ್ಟೆ ತಂದು ಚೆಲ್ಲಿದ ನೀರು ಒರೆಸಿದ. ಎದ್ದು ಒರೆಸಲು ಆಗದೆ ಕೂತಲ್ಲೇ, ಅವಳು ಬುಧವಾರ ಸರಿದ ಹಾಗೆ, ಸರಿಯುತ್ತಾ ಒರೆಸಿದ.

ಭಾನುವಾರ ಮಧ್ಯಾಹ್ನ ಮಗಳು ಬಂದಳು. ಡ್ಯೂಟಿ ಮುಗಿಸಿ ನೇರ ಕಾರು ಹತ್ತಿದ್ದಳು. ಕಣ್ಣ ಕೆಳಗೆ ಅವಳು ಎತ್ತಿದ ಫೋನುಗಳೆಲ್ಲ ಕಪ್ಪಾಗಿ ಕೂತಿದ್ದವು. ಕಾರಿನ ಹಿಂದಿನ ಸೀಟಿನಲ್ಲಿ ಅಮ್ಮನಿಗೆಂದು ದಿಂಬು ಹಾಸಿದ್ದಳು. ತೆರೆದು ಖಾಲಿಯಿದ್ದ ಸೂಟ್‌ಕೇಸ್ ನೋಡಿ ಅಪ್ಪನ ಮುಖ ನೋಡಿದಳು. ಮೀಟರಪ್ಪ ಸ್ವಿಚ್ಚಿನ ಕಥೆ ಹೇಳಿದ. ಅವಳಿಗೆ ನಗು ಬಂದೇಬಿಟ್ಟಿತು, ವಾರದಲ್ಲಿ ಮೊದಲ ಸಲ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಕ್ಯಾಮೆರಾ ಸರಿಹೋಯಿತು, ಅಮ್ಮ ಇಲ್ಲೇ ಇರಲಿ, ಟೀ ಕುಡಿ, ಹೊರಡು. ರಾತ್ರಿಯೆಲ್ಲ ಅವನು ಹಾಗೇ ಮಾಡುವುದೆಂದು ಹದಿನೇಳು ಸಲ ನಿರ್ಧರಿಸಿದ್ದ. ಆದರೆ ಅಂಕಿ ತಿದ್ದದೆ ಮೂವತ್ತೊಂದು ವರ್ಷ ಬರೆದ ಕೈ ಅದು. ಸ್ವಿಚ್ಚು ಆರಿಸುವಂತೆಯೇ ತಾನಾಗಿ ಮೊಬೈಲ್ ಎತ್ತಿ ಮಗಳಿಗೆ ಕೊಟ್ಟಿತು. ಬುಧವಾರ.

ಮಗಳು ಬಿದ್ದದ್ದನ್ನು ನೋಡಿದಳು. ಮುಖದಲ್ಲಿ ಏನೂ ಕದಲಲಿಲ್ಲ. ಕದಲದಿರುವುದೇ ಅವಳ ಉದ್ಯೋಗ. ಸೂಟ್‌ಕೇಸಿನ ಕಡೆ ಎದ್ದಳು.

"ಕೂತ್ಕೊ," ಎಂದ ಮೀಟರಪ್ಪ. "ಬಿದ್ದಿದ್ದು ನೋಡಿದೆಯಲ್ಲ. ಎದ್ದಿದ್ದೂ ನೋಡು."

ಅವಳು ನಿಂತೇ ನೋಡಿದಳು. ಹತ್ತು ನಿಮಿಷದ ಮೇಲೆ ಕೂತಳು. ಕೈ ಎಲ್ಲಿ ಊರಿದಳು, ಯಾವ ಕಾಲು ಮೊದಲು ಮಡಚಿದಳು ಎಂದು ಎರಡು ಕಡೆ ಹಿಂದಕ್ಕೆ ಓಡಿಸಿ ನೋಡಿದಳು. ಮುಗಿದ ಮೇಲೆ ಹೇಳಿದಳು: ಕಳೆದ ತಿಂಗಳು ಒಬ್ಬಾಕೆ ಫೋನ್ ಮಾಡಿದ್ದರು, ಬಚ್ಚಲಿನಿಂದ, ಬಿದ್ದು ಒಂದು ದಿನವಾಗಿತ್ತು. ಗಾಡಿ ಹೋಗುವವರೆಗೆ ಮಾತಾಡಿಸ್ತಾ ಇರು ಅಂತ ನಮ್ಮ ಮೇಲಿನವರು ಅಂದರು, ಮಾತಾಡಿಸಿದೆ. ಅವರು ಅಮ್ಮನ ಹಾಗೇ ಬೈತಾ ಇದ್ದರು. ಗಾಡಿ ಮುಟ್ಟೋ ಹೊತ್ತಿಗೆ ಬೈಯೋದು ನಿಂತಿತ್ತು. ಇಷ್ಟು ಹೇಳಿ ತಣ್ಣಗಾದ ಟೀಯನ್ನು ಒಂದೇ ಗುಟುಕಿಗೆ ಕುಡಿದಳು.

ಆಗ ಅಮ್ಮ ಎದ್ದಳು. ವಾಕರ್ ಇಲ್ಲದೆ. ಅಪ್ಪ ಹಿಡಿಯಲು ಮುಂದಾದ. ಮಗಳು ಅವನ ಅಂಗಿಯ ತುದಿ ಹಿಡಿದು ತಡೆದಳು. ಅಮ್ಮ ಒಂಬತ್ತು ಹೆಜ್ಜೆಗೆ ನಿಂತಳು. ಇಬ್ಬರೂ ನೋಡುತ್ತಿದ್ದಾರೆ, ಕಾಲು ಬರುತ್ತಿಲ್ಲ. ಮಗಳಿಗೆ ಅದು ಅರ್ಥವಾಯಿತೋ ಏನೋ, ಅಪ್ಪನ ಭುಜ ಹಿಡಿದು ಗೋಡೆಯ ಕಡೆ ತಿರುಗಿಸಿ ತಾನೂ ತಿರುಗಿದಳು. ಅಪ್ಪ ಮಗಳು ಶಿಕ್ಷೆಗೆ ನಿಂತ ಶಾಲೆ ಮಕ್ಕಳ ಹಾಗೆ ಸುಣ್ಣ ನೋಡುತ್ತಾ ನಿಂತರು. ಹಿಂದೆ ನೆಲದ ಮೇಲೆ ಐದು ಸಲ ಸಪ್ಪಳವಾಯಿತು. ಆಮೇಲೆ ಮೆಷೀನಿನ ಖಾನೆ ಎಳೆದ ಶಬ್ದ.

ಖಾನೆಯಲ್ಲಿದ್ದದ್ದು ಶನಿವಾರದ ಹೊಲಿಗೆ: ಕ್ಯಾಮೆರಾಕ್ಕೆ ಒಂದು ಕುಲಾವಿ. ಒಳಗೆ ಅಸ್ತರು, ಅಂಚಿಗೆ ಎರಡು ಸಾಲು ಹೊಲಿಗೆ, ಕೆಳಗೊಂದು ಗುಂಡಿ. ಮಂತ್ರಿಗಳ ಕೋಟಿಗೂ ಅಷ್ಟು ನೀಟಾದ ಗುಂಡಿಮನೆ ಸಿಕ್ಕಿರಲಿಕ್ಕಿಲ್ಲ.

ಚೌಕಾಸಿ ಸಂಜೆಯವರೆಗೆ ನಡೆಯಿತು. ಅಮ್ಮ ಎರಡು ಗಂಟೆ ಕೇಳಿದಳು, ಮಗಳು ಹತ್ತು ನಿಮಿಷ ಎಂದಳು. ಒಂದು ಗಂಟೆಗೆ ಇತ್ಯರ್ಥವಾಯಿತು. ಕ್ಯಾಮೆರಾ ಬೀರುವಿನಿಂದ ಇಳಿದು ಮೆಷೀನಿನ ಪಕ್ಕದ ಕಿಟಕಿ ಹಲಗೆಯ ಮೇಲೆ, ಅಮ್ಮನ ಕೈಗೆಟುಕುವಲ್ಲಿ ಕೂತಿತು. ಬೆಳಿಗ್ಗೆ ಹತ್ತಕ್ಕೆ ಕುಲಾವಿ ಹಾಕಬಹುದು, ಹನ್ನೊಂದಕ್ಕೆ ತೆಗೆಯಬೇಕು. ಮೊಬೈಲ್ ಕೊರಳಿನ ಚೀಲದಲ್ಲಿ ಇರಬೇಕು.

"ಹನ್ನೊಂದು ಐದಕ್ಕೂ ತೆಗೀದಿದ್ರೆ ಗಾಡಿ ಬರುತ್ತೆ ಅಮ್ಮ," ಎಂದಳು ಮಗಳು. "ಸೈರನ್ ಹಾಕ್ಕೊಂಡು. ಬೀದಿಯವರೆಲ್ಲ ಬಾಗಿಲಿಗೆ ಬರೋ ಹಾಗೆ."

ಅಮ್ಮನಿಗೆ ಸಾವಿನ ಭಯ ಇರಲಿಲ್ಲ, ಬೀದಿಯವರ ಭಯ ಇತ್ತು. ಒಪ್ಪಿದಳು. ಮಗಳು ಹಿಂದಿನ ಸೀಟಿನ ದಿಂಬಿನ ಮೇಲೆ ತಾನೇ ಎರಡು ಗಂಟೆ ನಿದ್ದೆ ಮಾಡಿ, ಖಾಲಿ ಕಾರು ಓಡಿಸಿಕೊಂಡು ಹೋದಳು.

ಸೋಮವಾರ ಏಳೂವರೆಗೆ ಮೀಟರಪ್ಪನ ಕೈ ಎದ್ದಿತು. ಮೂರನೆಯ ಸ್ವಿಚ್ಚಿನ ಮೇಲೆ ಹೆಂಡತಿ ಅಂಟಿಸಿದ್ದ ದಪ್ಪ ಟೇಪಿಗೆ ತಾಗಿ, ಬೈಸಿಕೊಂಡ ನಾಯಿಯ ಹಾಗೆ ಇಳಿಯಿತು.

ಹತ್ತಕ್ಕೆ ಮೊಬೈಲಿನಲ್ಲಿ ಹಾಲ್ ಕಪ್ಪಾಯಿತು. ಆಫ್‌ಲೈನ್ ಅಲ್ಲ, ಉಂಗುರವಿಲ್ಲ. ಬರೀ ಒಳಗಿನ ಅಸ್ತರು. ಅವನು ಮೀಟರ್ ಓದುತ್ತಾ ಹೋದ. ಹನ್ನೊಂದಕ್ಕೆ ಒಂದು ದೊಡ್ಡ ಮನೆಯ ಮೆಟ್ಟಿಲ ಕೆಳಗಿದ್ದ, ಮನಸ್ಸಿಟ್ಟು ಬೊಗಳುವ ಆರು ನಾಯಿಗಳಲ್ಲಿ ಒಂದರ ಮನೆ. ಹನ್ನೊಂದಾಯಿತು, ಕಪ್ಪು. ಹನ್ನೊಂದು ಒಂದು. ಹನ್ನೊಂದು ಎರಡು. ಇಲ್ಲಿಂದ ಮನೆಗೆ ಎರಡೂವರೆ ಕಿಲೋಮೀಟರು; ಆ ಕಾಲಿಗೆ ಓಡಿದರೆ ಎಷ್ಟು ಹೊತ್ತು? ಹನ್ನೊಂದು ಮೂರು. ಎಂಟು ಗಂಟೆ ದೂರದಲ್ಲಿ ಮಗಳ ಬೆರಳು ಗಾಡಿ ಕಳಿಸುವ ಗುಂಡಿಯ ಮೇಲೆ ಇರುತ್ತದೆ. ಆ ನಾಲ್ಕು ನಿಮಿಷದಲ್ಲಿ ಅವನ ಉಳಿದ ಕೂದಲೂ ಉದುರಿತು ಎನ್ನುತ್ತಾರೆ. ನಾಯಿ ಅವನ ಮುಖ ನೋಡಿ ಬೊಗಳುವುದನ್ನು ನಿಲ್ಲಿಸಿತು.

ಹನ್ನೊಂದು ನಾಲ್ಕಕ್ಕೆ ಬೆಳಕಾಯಿತು. ಮೊದಲು ಕಂಡದ್ದು ಹೆಂಡತಿಯ ಗಲ್ಲ, ಗುಡ್ಡದಷ್ಟು, ತುಟಿಯ ನಡುವೆ ಸೂಜಿ. ಬೇಕಂತಲೇ ತಡ ಮಾಡಿದ್ದಾಳೆ ಎಂದು ಆ ಗಲ್ಲ ನೋಡಿದರೇ ಗೊತ್ತಾಗುತ್ತಿತ್ತು. ಅವಳು ತಿರುಗಿದಳು. ಯಾರ ಕಡೆಗೂ ನೋಡದೆ, ಕಣ್ಣು ಬಿಟ್ಟಿರುವ ಕ್ಯಾಮೆರಾದ ಮುಂದೆಯೇ, ವಾಕರ್ ಇಲ್ಲದೆ, ಕುರ್ಚಿಯ ಕಡೆ ನಡೆದಳು. ಎಂಟನೆಯ ಹೆಜ್ಜೆಗೆ ಮೀಟರಪ್ಪ ಗೋಡೆ ಹಿಡಿದುಕೊಂಡ. ಅವಳು ಏನನ್ನೂ ಹಿಡಿದುಕೊಳ್ಳಲಿಲ್ಲ.

ಅವನು ಕೊನೆಯ ಮೆಟ್ಟಿಲ ಮೇಲೆ ಕೂತ. ಮೂವತ್ತೊಂದು ವರ್ಷದಲ್ಲಿ ಯಾರ ಮನೆಯ ಮೆಟ್ಟಿಲ ಮೇಲೂ ಕೂತವನಲ್ಲ. ಮೇಲಿನಿಂದ ಮನೆಯ ಯಜಮಾನ ಬಗ್ಗಿ, ಎಷ್ಟು ಬಂತು ಮೀಟರಪ್ಪ ಎಂದು ಕೇಳಿದ.

"ಹದಿನಾಲ್ಕು," ಎಂದ ಅವನು.

ಇಷ್ಟು ದೊಡ್ಡ ಮನೆಗೆ ಬರೀ ಹದಿನಾಲ್ಕಾ ಎಂದು ಯಜಮಾನನಿಗೆ ಆಶ್ಚರ್ಯ. ಮೀಟರಪ್ಪ ಮೊಬೈಲನ್ನು ಜೇಬಿಗೆ ಹಾಕಿ, ಮೊಣಕಾಲಿನ ಮೇಲೆ ಕೈ ಊರಿ, ಮೊದಲು ಒಳ್ಳೆಯ ಕಾಲು, ಆಮೇಲೆ ಇನ್ನೊಂದು, ನಿಧಾನಕ್ಕೆ ಎದ್ದು, ಮೀಟರನ್ನು ಮತ್ತೊಮ್ಮೆ ಓದಿದ.